ಮಕ್ಕಳ ಕಣ್ಣೊಳಗಿನ ಪಂಕಜ

ಕಲ್ಯಾಣಿ ಕೆಂಪರಾಜುವನ್ನು ಮೊದಲು ನೋಡಿದ್ದು ಒಂದು ಪುಟ್ಟ ಹುಡುಗಿಯ ಕಣ್ಣೊಳಗೆ.

ಫೋಟೋ ಎಡಿಟ್ ಮಾಡುವವರಿಗೆ ಇದೇನು ವಿಶೇಷವಲ್ಲ. ಕಂಪ್ಯೂಟರಿನಲ್ಲಿ ಮುಖವನ್ನು ದೊಡ್ಡದು ಮಾಡುತ್ತಾ ಹೋದರೆ, ಕಣ್ಣಿನ ಕಪ್ಪು ಗುಡ್ಡೆಯಲ್ಲಿ ಎದುರಿಗಿದ್ದದ್ದೆಲ್ಲ ಸಾಸಿವೆಯಷ್ಟು ಚಿಕ್ಕದಾಗಿ ಕಾಣುತ್ತದೆ. ಬಾಗಿಲು, ಬೆಳಕು, ಕ್ಯಾಮೆರಾ ಹಿಡಿದವನು. ಉಳಿದ ಫೋಟೋಗ್ರಾಫರುಗಳೆಲ್ಲ ನಿಂತೇ ಇರುತ್ತಿದ್ದರು. ಇವನು ಮಾತ್ರ ಮಗುವಿನ ಎತ್ತರಕ್ಕೆ ಇಳಿದು ಮಂಡಿಯೂರಿದ್ದ. ಪಕ್ಕದಲ್ಲಿ ತಿಳಿಬಣ್ಣದ ಸೀರೆಯುಟ್ಟ ಒಬ್ಬ ಹೆಂಗಸು ನಿಂತಿದ್ದಳು.

ಹೆಂಡತಿ ಇರಬೇಕು ಎಂದುಕೊಂಡಳು ಕಲ್ಯಾಣಿ. ಇದ್ದರೆ ಇರಲಿ, ಅವಳ ಗಂಟೇನು ಹೋಗಬೇಕಿತ್ತು?

ಅವನ ಸ್ಟುಡಿಯೋ ಗೌರಿಬಿದನೂರಿನಲ್ಲಿ. ಅವಳ ಬಾಡಿಗೆ ಮನೆ ಚಿಕ್ಕಬಳ್ಳಾಪುರದಲ್ಲಿ. ಫೋಟೋಗಳು ಅಲ್ಲಿಂದ ಇಲ್ಲಿಗೆ ಬರುತ್ತಿದ್ದವು, ತಿದ್ದಿಸಿಕೊಂಡು ವಾಪಸ್ ಹೋಗುತ್ತಿದ್ದವು. ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರೂ ಅವಳಿಗೆ ಕೆಲಸ ಕೊಡುತ್ತಿದ್ದರು. ಎಲ್ಲವೂ ಮದುವೆ, ನಾಮಕರಣದ ಬಣ್ಣಬಣ್ಣದ ಚಿತ್ರಗಳು, ಎಲ್ಲರದೂ ಒಂದೇ ಮಾತು: "ಮುಖ ಬೆಳ್ಳಗೆ ಮಾಡಿ ಮೇಡಂ." ಬರೀ ಮಕ್ಕಳ ಮುಖ, ಅದೂ ಕಪ್ಪುಬಿಳುಪಿನಲ್ಲಿ ಕಳಿಸುತ್ತಿದ್ದವನು ಕೆಂಪರಾಜು ಒಬ್ಬನೇ.

"ಜನ ಒಪ್ತಾರಾ ಸರ್? ಕಪ್ಪುಬಿಳುಪು ಅಂದ್ರೆ ತಿಥಿ ಫೋಟೋ ಅಂತಾರಲ್ಲ?" ಎಂದು ಮೊದಲ ಸಲ ಫೋನಿನಲ್ಲಿ ಕೇಳಿದ್ದಳು.

"ಶುರುನಲ್ಲಿ ಹಂಗೇ ಅಂದ್ರು. ನನ್ನ ಅಂಗಡಿ ಟ್ಯೂಬ್‌ಲೈಟಿಗೆ ಮಕ್ಕಳೆಲ್ಲ ಹಸಿರು ಹಸಿರಾಗಿ ಬರ್ತಿದ್ರು ಮೇಡಂ. ಬೇರೆ ಲೈಟ್ ತಗೊಳ್ಳೋ ಯೋಗ್ಯತೆ ಇರ್ಲಿಲ್ಲ. ಬಣ್ಣಾನೇ ತೆಗೆದುಬಿಟ್ಟೆ. ಈಗ ಅದೇ ಬೇಕು ಅಂತಾರೆ."

ಅವಳು ನಕ್ಕಿದ್ದಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಪಕ್ಕದ ಮನೆಯ ವೆಂಕಟರತ್ನಮ್ಮ ಕಿಟಕಿಯಿಂದ ಇಣುಕಿ, "ಏಮಮ್ಮಾ, ಯಾರಾದ್ರೂ ಬಂದವ್ರಾ?" ಎಂದು ಕೇಳಿದ್ದರು.

ಯಾರೂ ಬಂದಿರಲಿಲ್ಲ. ಬರುವವರೂ ಇರಲಿಲ್ಲ. ಕಲ್ಯಾಣಿಯ ಮದುವೆ, ಆಲ್ಬಮ್ಮಿನ ರಟ್ಟು ಹಳೆಯದಾಗುವ ಮೊದಲೇ ಮುರಿದುಬಿದ್ದಿತ್ತು. ಜೊತೆಗಿದ್ದ ಅಮ್ಮನೂ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದೆಂದರೆ ಕುಕ್ಕರ್ ಒಂದೇ. ಒಂಟಿ ಹೆಂಗಸು ಎಂದು ಗೊತ್ತಾದರೆ ಜನರ ದನಿ ಬದಲಾಗುವುದನ್ನು ಅವಳು ಕಂಡಿದ್ದಳು. ಅದಕ್ಕೇ ಯಾರು ಏನು ಕೇಳಿದರೂ "ಮನೇಲಿ ಕೇಳಿ ಹೇಳ್ತೀನಿ" ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಳು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ.

ಕೆಂಪರಾಜುವಿನ ಫೋನು ಬಂದರೆ ಮಾತ್ರ ಮಾತು ಬೆಳೆಯುತ್ತಿತ್ತು.

"ಮೇಡಂ, ಈ ಮರೀದು ಸಿಂಬಳ ಒರೆಸಿಬಿಡಿ. ದೃಷ್ಟಿಬೊಟ್ಟು ಮುಟ್ಟಬೇಡಿ, ಅವರಮ್ಮ ನನ್ನ ಉಳಿಸಲ್ಲ."

"ಹಣೆ ಮೇಲೆ ಗಾಯದ ಗುರುತಿದೆ, ತೆಗೀಲಾ?"

"ಅಯ್ಯೋ, ಬೇಡ. ಮಂಚದಿಂದ ಬಿದ್ದಿದ್ದಂತೆ. ಹೆಮ್ಮೆಯಿಂದ ತೋರಿಸಿದ್ಲು."

"ಸ್ವಲ್ಪ ಬೆಳ್ಳಗೆ?"

"ಬೇಡ್ವೇ ಬೇಡ ಮೇಡಂ. ದೊಡ್ಡೋಳಾದ್ಮೇಲೆ ನೋಡ್ಕೊಂಡು, ಇದ್ಯಾರದಮ್ಮ ಮಗು ಅಂದ್ರೆ?"

ಕಲ್ಯಾಣಿಯ ಕೈ ಮೌಸಿನ ಮೇಲೇ ನಿಂತುಬಿಟ್ಟಿತು. ಅವಳದು ಕಪ್ಪು ಬಣ್ಣ. ಅವಳ ಮದುವೆ ಆಲ್ಬಮ್ಮಿನಲ್ಲಿ ಸುಣ್ಣ ಬಳಿದ ಗೋಡೆಯಂಥ ಮುಖದ ಯಾರೋ ಒಬ್ಬಳು ಹಾರ ಹಾಕಿಕೊಂಡು ಕೂತಿದ್ದಳು. ಆಗ ಇಂಥವನೊಬ್ಬ ಫೋಟೋ ತೆಗೆದಿದ್ದರೆ ಎಂದುಕೊಂಡಳು. ಪ್ರೀತಿ ಶುರುವಾದದ್ದು ಅಲ್ಲೇ, ಸುಳ್ಳು ಯಾಕೆ ಹೇಳಬೇಕು.

ಆದರೆ ಕಣ್ಣೊಳಗಿನ ಹೆಂಗಸು? ಅವಳಿಗೊಂದು ಹೆಸರೂ ಇತ್ತು.

"ಇವತ್ತು ಎಡಗೆನ್ನೆ ಕಪ್ಪಾಯ್ತಲ್ವಾ ಮೇಡಂ? ಪಂಕಜ ಸೊಟ್ಟಗೆ ನಿಂತುಬಿಟ್ಟಿದ್ಲು," ಎನ್ನುತ್ತಿದ್ದ ಕೆಂಪರಾಜು. ಇನ್ನೊಂದು ದಿನ, "ಪಂಕಜ ಇಲ್ದಿದ್ರೆ ನನ್ನ ಕೈಲಿ ಏನೂ ಆಗಲ್ಲ ಬಿಡಿ."

ಪ್ರತಿ ಮಗುವಿನ ಕಣ್ಣಲ್ಲೂ ಅವಳಿದ್ದಳು. ಗಂಡನ ಪಕ್ಕ ನೆಟ್ಟಗೆ ನಿಂತು, ಎಲ್ಲಿಗೂ ಹೋಗದೆ. ಮುಖ ಮಾತ್ರ ಎಷ್ಟು ದೊಡ್ಡದು ಮಾಡಿದರೂ ಕಾಣದು. ಕಪ್ಪುಬಿಳುಪಿನಲ್ಲಿ ಸೀರೆಯ ಬಣ್ಣವೂ ತಿಳಿಯದು. ಕಲ್ಯಾಣಿ ಅವಳಿಗೆ ದಿನಕ್ಕೊಂದು ಸೀರೆ ಉಡಿಸಿದಳು. ಒಂದು ದಿನ ನಿಂಬೆಹಳದಿ, ಒಂದು ದಿನ ತಿಳಿಗುಲಾಬಿ. ಉಡಿಸಿ ಉಡಿಸಿ ಹೊಟ್ಟೆ ಉರಿದುಕೊಂಡಳು. ಇನ್ನೊಬ್ಬಳ ಗಂಡನ ದನಿಗೆ ಕಾಯುವ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಒಂದು ಸಂಜೆ ಅವನು ಕೊಂಚ ತಡವರಿಸಿದ. "ಒಂದ್ಸಲ ಗೌರಿಬಿದನೂರಿಗೆ ಬನ್ನಿ ಕಲ್ಯಾಣಿಯವ್ರೆ. ಪಂಕಜನ್ನೂ ನೋಡಿದಂಗಾಗುತ್ತೆ."

ಮೇಡಂ ಹೋಗಿ ಕಲ್ಯಾಣಿಯವ್ರೆ ಆಗಿದ್ದು ಅವಳ ಕಿವಿಗೆ ಸಿಹಿಯಾಗಿ ತಾಗಿತು. ಅದರ ಹಿಂದೆಯೇ ಬಂದ ಹೆಸರು ಎಲ್ಲವನ್ನೂ ಕಹಿ ಮಾಡಿತು.

"ಮನೇಲಿ ಕೇಳಿ ಹೇಳ್ತೀನಿ," ಎಂದಳು.

ಮಾರನೇ ದಿನ ಮೆಸೇಜು ಹಾಕಿದಳು: "ಮುಂದಿನ ತಿಂಗಳಿಂದ ನನಗೆ ಆಗಲ್ಲ ಸರ್. ಬೇರೆಯವರನ್ನು ನೋಡಿಕೊಳ್ಳಿ."

ಅವನು ಓದಿದ್ದು ತಿಳಿಯಿತು. ಮಧ್ಯಾಹ್ನ ಕಳೆದ ಮೇಲೆ ಉತ್ತರ ಬಂತು: "ಸರಿ ಮೇಡಂ." ಮತ್ತೆ ಮೇಡಂ. ಅವತ್ತು ಕಲ್ಯಾಣಿ ಅಡುಗೆ ಮಾಡಲಿಲ್ಲ.

ಅವನ ಫೋಟೋಗಳೆಲ್ಲ ಇದ್ದ ಹಾರ್ಡ್‌ಡಿಸ್ಕ್ ಒಂದು ಅವಳ ಹತ್ತಿರ ಉಳಿದಿತ್ತು. ಕೊರಿಯರ್ ಮಾಡಬಹುದಿತ್ತು. ಮಾಡಲಿಲ್ಲ. ಆ ಪಂಕಜನನ್ನು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಹಾಳು ಮನಸ್ಸು ತೆಪ್ಪಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ತಲೆಗೆ ಹೂ ಮುಡಿದಳು, ಕಿತ್ತಿಟ್ಟಳು, ಮತ್ತೆ ಮುಡಿದಳು. ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಕೆಲಸ ಬಿಡುವವಳು ಹೂ ಯಾಕೆ ಮುಡಿದಳೋ, ಅವಳನ್ನೇ ಕೇಳಬೇಕು.

ಸ್ಟುಡಿಯೋ ಒಂದು ಬೇಕರಿಯ ಮಗ್ಗುಲಲ್ಲಿತ್ತು. ಬಾಗಿಲಲ್ಲೇ ಅವಳ ಕಾಲು ನಿಂತವು. ಒಳಗೆ ಫೋನಿನಲ್ಲಿ ಕೇಳಿದ್ದ ಅದೇ ದನಿ.

"ಪಂಕಜ, ನೋಡಮ್ಮ, ಈ ಮರಿ ನಗಲ್ವಂತೆ. ಸ್ವಲ್ಪ ಈ ಕಡೆ ತಿರುಗ್ತೀಯಾ?"

ಸ್ಟೂಲಿನ ಮೇಲೆ ಕೂತ ಮಗು ಮೂತಿ ಉಬ್ಬಿಸಿತ್ತು. ಎದುರಿಗೆ ಮಂಡಿಯೂರಿದ್ದ ಗಂಡಸು ತಾನೇ ಎದ್ದ, ಪಂಕಜಳ ಎರಡೂ ಭುಜ ಹಿಡಿದ, ಕಿಟಕಿಯ ಕಡೆಗೆ ತಿರುಗಿಸಿದ. ಪಂಕಜಳಿಗೆ ತಲೆ ಇರಲಿಲ್ಲ. ಕೈಯೂ ಇರಲಿಲ್ಲ. ಕಬ್ಬಿಣದ ಕಂಬಿಯ ಮೇಲೆ ಕೂರಿಸಿದ, ಟೈಲರುಗಳು ರವಿಕೆ ತೊಡಿಸಿಡುವ ಬೊಂಬೆ ಅದು. ಮೇಲೆ ಬಿಳಿ ಪಂಚೆ ಹೊದಿಸಿತ್ತು. ಕಿಟಕಿಯ ಬೆಳಕು ಪಂಚೆಗೆ ಬಡಿದು ಮಗುವಿನ ಕೆನ್ನೆಗೆ ಬಂತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಕಲ್ಯಾಣಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತಳು. ನಗು ಬಂತು, ಅದರ ಹಿಂದೆ ಅಳುವೂ ಬಂತು.

ಮಗುವನ್ನು ಎತ್ತಿಕೊಂಡು ತಾಯಿ ಹೊರಟ ಮೇಲೆ ಅವನು ಇವಳ ಕಡೆ ತಿರುಗಿದ. "ಹೇಳಿಮ್ಮ, ಮಗು ಎಲ್ಲಿ?"

"ನಾನು ಕಲ್ಯಾಣಿ."

ಅವನ ಕೈಯಲ್ಲಿದ್ದ ಲೆನ್ಸಿನ ಮುಚ್ಚಳ ನೆಲಕ್ಕೆ ಬಿದ್ದು ಉರುಳಿತು. ಇಬ್ಬರೂ ಅದು ನಿಲ್ಲುವವರೆಗೆ ಅದನ್ನೇ ನೋಡಿದರು. ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿದವನು ಮೆಲ್ಲಗೆ ತಲೆಯೆತ್ತಿ ಅವಳ ಮುಖ ನೋಡಿದ, ಹೂವನ್ನು ನೋಡಿದ, ಸಿಕ್ಕಿಬಿದ್ದವನಂತೆ ಕಣ್ಣು ತಪ್ಪಿಸಿದ.

"ಇವಳೇನಾ ಪಂಕಜ?" ಎಂದಳು ಕಲ್ಯಾಣಿ.

"ಹೂಂ. ಮುಂಚೆ ಈ ಅಂಗಡೀಲಿ ಪಂಕಜ ಲೇಡೀಸ್ ಟೈಲರ್ಸ್ ಅಂತ ಇತ್ತು. ಖಾಲಿ ಮಾಡೋವಾಗ ಬೊಂಬೇನ ಇಲ್ಲೇ ಬಿಟ್ಟೋದ್ರು. ಹೆಸರಿಟ್ಟು ಮಾತಾಡಿಸಿದ್ರೆ ಮಕ್ಕಳು ಹೆದರಲ್ಲ. ನಿಮಗೆ ಹೇಳಿದ್ನಲ್ಲ?"

"ಹೇಳಿರ್ಲಿಲ್ಲ."

"ಮತ್ತೆ ಯಾರು ಅನ್ಕೊಂಡಿದ್ರಿ?"

ಸುಳ್ಳು ಹೇಳಬಹುದಿತ್ತು. ತಂಗಿ ಅಂದುಕೊಂಡಿದ್ದೆ ಎಂದು ತೇಲಿಸಿ, ಹಾರ್ಡ್‌ಡಿಸ್ಕ್ ಕೊಟ್ಟು, ಮರ್ಯಾದೆಯಿಂದ ಬಸ್ಸು ಹತ್ತಬಹುದಿತ್ತು. ಹತ್ತಿದರೆ ಮತ್ತೆ ಅದೇ ಮನೆ, ಅದೇ ಕುಕ್ಕರ್.

"ನಿಮ್ಮ ಹೆಂಡ್ತಿ ಅನ್ಕೊಂಡಿದ್ದೆ."

ಕೆಂಪರಾಜುವಿಗೆ ನಗು ಉಕ್ಕಿತು. ಅವಳ ಕಣ್ಣು ನೋಡಿ ಅರ್ಧಕ್ಕೇ ನುಂಗಿಕೊಂಡ. "ಅದಕ್ಕೇನಾ ಕೆಲಸ ಬಿಡ್ತೀನಿ ಅಂದಿದ್ದು?"

ಅವಳು ತಲೆಯಾಡಿಸಿದಳು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ನಾನು ಬೇರೆ ತಿಳ್ಕೊಂಡೆ," ಎಂದ ಅವನು. "ಯಾವಾಗ್ಲೂ ಮನೇಲಿ ಕೇಳಿ ಹೇಳ್ತೀನಿ ಅಂತೀರಲ್ಲ. ನಾನು ಬನ್ನಿ ಅಂದಿದ್ದಕ್ಕೆ ನಿಮ್ಮನೆಯವ್ರು ಬೈದಿರ್ಬೇಕು, ಸಂಸಾರಸ್ಥರ ಹತ್ರ ಅತಿಯಾಗಿ ಮಾತಾಡ್ಬಿಟ್ಟೆ ಅಂತ ನಾಚ್ಕೆ ಆಯ್ತು."

"ಮನೇಲಿ ಯಾರೂ ಇಲ್ಲ," ಎಂದಳು ಕಲ್ಯಾಣಿ. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಕೇಳೋಕೆ ಯಾರೂ ಇಲ್ಲ. ಸುಮ್ನೆ ಹಂಗಂತೀನಿ."

ಅವನು ಹತ್ತಿರ ಬರಲಿಲ್ಲ. ಬೆಂಚಿನ ಎದುರಿಗೆ, ಮಕ್ಕಳ ಮುಂದೆ ಕೂರುವ ಹಾಗೆಯೇ ಮಂಡಿಯೂರಿದ.

"ನನಗೂ ಯಾರಿಲ್ಲ. ನೋಡಿದ ಹೆಣ್ಣುಗಳೆಲ್ಲ ಬೆಂಗಳೂರು ಗಂಡೇ ಬೇಕು ಅಂದ್ರು. ಆಮೇಲೆ ನೋಡೋದನ್ನೇ ಬಿಟ್ಟೆ. ನಿಮ್ಮ ಹತ್ರ ಫೋನಲ್ಲಿ ಮಾತಾಡೋವಾಗ ಗಿರಾಕಿ ಬಂದ್ರೆ ಬೈಕೊಳ್ತಿದ್ದೆ, ಗೊತ್ತಾ? ಬನ್ನಿ ಅಂತ ಕರೆಯೋಕೇ ಎಷ್ಟೋ ದಿನ ಧೈರ್ಯ ಸಾಲಿರ್ಲಿಲ್ಲ." ಕೊನೆಗೆ, "ಊಟ ಆಯ್ತಾ?" ಎಂದ.

ಎಲ್ಲರೂ ಕೇಳುವ ಮಾತು ಅದು. ಉತ್ತರಕ್ಕೆ ಯಾರೂ ಕಾಯುವುದಿಲ್ಲ. ತಿಂದಿರಲಿ ಬಿಡಲಿ, ಆಯ್ತು ಎಂದು ಮುಂದೆ ಹೋಗುವುದು ಅವಳಿಗೆ ಅಭ್ಯಾಸ. ಇವನು ಕಾಯುತ್ತಿದ್ದ.

"ಇಲ್ಲ. ಬೆಳಗ್ಗೆಯಿಂದ ಏನೂ ತಿಂದಿಲ್ಲ."

"ನಡೀರಿ ಮತ್ತೆ. ಹೋಟ್ಲಿಗಲ್ಲ. ಹಿಂದಿನ ಬೀದೀಲೇ ಮನೆ. ಅವರೆಕಾಳು ಸಾರು ಮಾಡಿಟ್ಟಿದೀನಿ, ಮುದ್ದೆ ತಿರುವಿಬಿಡ್ತೀನಿ. ಒಬ್ಬನಿಗೆ ಎಷ್ಟು ಹಾಕ್ಬೇಕು ಅಂತ ಇನ್ನೂ ಅಳತೆ ಗೊತ್ತಾಗಿಲ್ಲ ಕಲ್ಯಾಣಿಯವ್ರೆ. ದಿನಾ ಇಬ್ಬರಿಗಾಗೋಷ್ಟು ಆಗ್ಬಿಡುತ್ತೆ."

ಆ ಅಳತೆ ಕಲ್ಯಾಣಿಗೂ ಗೊತ್ತಾಗಿರಲಿಲ್ಲ. ಅವನು ಅರ್ಧ ಎಳೆದು ಹಿಡಿದಿದ್ದ ಶಟರಿನ ಕೆಳಗೆ ತಲೆ ಬಗ್ಗಿಸಿ ಅವಳು ಹೊರಗೆ ಬಂದಳು.