ಗುಂಡಣ್ಣನ ನೀರಾಟ

ಚಂದಮ್ಮನಿಗೆ ಗಂಡನಿರಲಿಲ್ಲ. ಪ್ಲೇಗಿನ ವರ್ಷ ಅವನು ಹೋದಾಗ ಮಗ ಗುಂಡಣ್ಣ ಇನ್ನೂ ಹೊಟ್ಟೆಯಲ್ಲಿದ್ದ.

ಈಗ ಗುಂಡಣ್ಣನಿಗೆ ಎರಡು ವರ್ಷ. ಕಲಬುರಗಿಯ ಬೇಸಿಗೆಯಲ್ಲಿ ಅಂಥ ಕೂಸನ್ನು ಸುಮ್ಮನಿರಿಸುವುದು ಸುಲಭವಲ್ಲ. ಚಂದಮ್ಮ ಜೋಳ ಬೀಸಬೇಕು, ರೊಟ್ಟಿ ಬಡಿಯಬೇಕು. ಅದಕ್ಕೆ ಅಂಗಳದ ಬೇವಿನ ನೆರಳಿಗೆ ಹಿತ್ತಾಳೆ ಪರಾತವಿಟ್ಟು, ನೀರು ಹಾಕಿ, ಮೇಲೆ ಬೇವಿನ ಹೂ ಉದುರಿಸಿ ಅವನನ್ನು ಕೂರಿಸುತ್ತಿದ್ದಳು. ಅವನು ಹೂ ಹಿಡಿಯಲು ಹೋಗುವನು, ಹೂ ಬೆರಳ ಸಂದಿಯಲ್ಲಿ ಜಾರುವುದು. ಅಷ್ಟರಲ್ಲಿ ರೊಟ್ಟಿ ಮುಗಿಯುತ್ತಿತ್ತು.

"ಕುಡಿಯಾಕ ನೀರಿಲ್ಲ, ಈಕಿ ಮಗನ ಕೈಯಾಗ ಹೊಳಿ ಕೊಟ್ಟಾಳ," ಎಂದು ಅತ್ತೆ ಹಣಮಮ್ಮ ಗೊಣಗುವಳು. ಪರಾತದಲ್ಲಿ ನೀರು ಕಡಿಮೆಯಾದರೆ ತಾನೇ ಒಂದು ತಂಬಿಗೆ ಸುರಿಯುವಳು.

ಮಾವ ಮಾಣಿಕಪ್ಪನದು ಕೋಟೆಯ ಹತ್ತಿರ ಕಿರಾಣಿ ಅಂಗಡಿ. ಕಮಲಾಪುರದ ಭೀಮಶಾ ತನ್ನ ತೋಟದ ಕೆಂಪು ಬಾಳೆಹಣ್ಣನ್ನು ಬಂಡಿಯಲ್ಲಿ ತಂದು ಅಲ್ಲಿಗೆ ಹಾಕುತ್ತಿದ್ದ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿತ್ತೆಂದು ಬುಟ್ಟಿ ಹೊತ್ತು ಮನೆಗೇ ಬಂದ. ಇಳಿಸಲು ಬಗ್ಗಿದ. ಗುಂಡಣ್ಣ ಒಂದು ಬಟ್ಟಲು ನೀರು ನೆಟ್ಟಗೆ ಅವನ ಮುಖಕ್ಕೆ ಎರಚಿದ.

"ಅಯ್ಯ, ತಪ್ಪಾತ್ರಿ!" ಚಂದಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ತಪ್ಪ್ಯಾಕ್ರಿ? ಕಮಲಾಪುರ ಬಿಟ್ಟಾಗಿಂದ ನೀರು ಬೇಕೇನಂತ ಯಾರೂ ಕೇಳಿರಲಿಲ್ಲ. ಈ ಸಾಹುಕಾರ ಕೇಳದೇ ಕೊಟ್ಟ."

ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳಿಗೆ ನಗು ಬಂತು. ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ಹಿಟ್ಟು ಮೂಗಿಗೆ ಹತ್ತಿತು. ಅವನು ನೋಡಿದ. ಹೊರಡುವಾಗ ಅವಳತ್ತ ತಿರುಗಿ ತನ್ನ ಮೂಗನ್ನು ನಿಧಾನಕ್ಕೆ ಒರೆಸಿಕೊಂಡ.

ಆಮೇಲೆ ಹಣ್ಣಿಲ್ಲದ ದಿನವೂ ಭೀಮಶಾನಿಗೆ ಕಲಬುರಗಿಯಲ್ಲಿ ಏನಾದರೊಂದು ಕೆಲಸ ಬೀಳುತ್ತಿತ್ತು. ಮಳೆಗಾಲದಲ್ಲಿ ಬಾಳೆ ದಿಂಡಿನ ಸಿಪ್ಪೆ ತಂದ. ಮಾಳಿಗೆಯಿಂದ ಸುರಿದು ಅಂಗಳದಲ್ಲಿ ಹರಿಯುವ ನೀರಿಗೆ ಅವನೂ ಗುಂಡಣ್ಣನೂ ಹಡಗು ಬಿಟ್ಟರು. ಚಳಿಗಾಲದಲ್ಲಿ ಚಂದಮ್ಮ ತಾಮ್ರದ ಕೊಡವನ್ನು ಬಿಸಿಲಿಗಿಟ್ಟು, ಬೆಚ್ಚಗಾದ ನೀರಲ್ಲಿ ಅಂಟುವಾಳದ ನೊರೆ ಎಬ್ಬಿಸಿ ಕೊಡುವಳು. ಹೋಳಿಗೆ ಮುತ್ತುಗದ ಹೂ ಕುದಿಸಿ ಕೇಸರಿ ನೀರು ಮಾಡಿದಳು. ಗುಂಡಣ್ಣ ಅದರಲ್ಲಿ ಕೈ ಅದ್ದಿ ಭೀಮಶಾನ ಧೋತರಕ್ಕೆ ಒತ್ತಿದ.

ಹಬ್ಬ ಮುಗಿದು ಎಷ್ಟೋ ದಿನವಾದರೂ ಭೀಮಶಾ ಅದೇ ಧೋತರದಲ್ಲಿ ಬಂದ.

"ನಿಮ್ಮೂರಾಗ ಅಗಸರಿಲ್ಲೇನ್ರಿ?"

"ಅದಾರ. ನಾ ಕೊಟ್ಟಿಲ್ಲ."

ಅವಳು ತಲೆ ತಗ್ಗಿಸಿ ಆ ಪುಟ್ಟ ಬೆರಳಿನ ಗುರುತುಗಳನ್ನೇ ನೋಡಿದಳು. ಅವನು ಅವಳನ್ನು ನೋಡಿದ.

ಆ ಬೇಸಿಗೆ ಹಣಮಮ್ಮ ಕಮಲಾಪುರದ ತಂಗಿಯ ಮನೆಗೆ ಸೊಸೆ, ಮೊಮ್ಮಗನನ್ನು ಕರೆದುಕೊಂಡು ಹೋದಳು. ಭೀಮಶಾ ತೋಟ ತೋರಿಸಿದ. ಬಾವಿಯಿಂದ ಎತ್ತಿದ ನೀರು ಬಾಳೆಗಳ ನಡುವೆ ಕಾಲುವೆಯಲ್ಲಿ ಹರಿಯುತ್ತಿತ್ತು. ಗುಂಡಣ್ಣ ಹೋದವನೇ ಅದರಲ್ಲಿ ಕುಳಿತು ಕೆಸರನ್ನು ಮುಷ್ಟಿಯಲ್ಲಿ ಹಿಂಡತೊಡಗಿದ. ಹಣಮಮ್ಮ ತಂಗಿಯೊಡನೆ ಬಾವಿಕಟ್ಟೆಯಲ್ಲೇ ಉಳಿದಳು.

"ನೀವೂ ಕಾಲಿಡ್ರಿ," ಎಂದ ಭೀಮಶಾ.

"ಮಂದಿ ನೋಡ್ತಾರ."

"ಸುತ್ತ ಬಾಳಿಗಿಡ ಅದಾವ. ನೋಡಿದ್ರೂ ಅವು ನಮ್ಮ ಕಡೀವು."

ಅವಳು ಕಾಲಿಟ್ಟಳು. ಅವನು ಸ್ವಲ್ಪ ಮೇಲೆ ನಿಂತಿದ್ದ. ಅವನ ಕಾಲು ತಾಕಿದ ನೀರು ಅವಳ ಕಾಲಿಗೆ ಬರುತ್ತಿತ್ತು. ಇಬ್ಬರಿಗೂ ಅದು ಗೊತ್ತಿತ್ತು.

"ನನ್ನ ಕೂಡ ಉಡಿಕಿ ಆಗ್ತೀಯೇನು?" ನೀರನ್ನೇ ನೋಡುತ್ತ ಕೇಳಿದ.

ವಿಧವೆಯ ಮರುಮದುವೆಗೆ ಅವರಲ್ಲಿ ಅಡ್ಡಿಯಿರಲಿಲ್ಲ, ಅದೇ ಉಡಿಕಿ. ಆದರೆ ಉಡಿಕಿಯಾಗಿ ಹೋಗುವವಳು ಮೊದಲ ಗಂಡನ ಕೂಸನ್ನು ಆ ಮನೆಗೇ ಬಿಟ್ಟು ಹೋಗಬೇಕು.

"ಇವನ್ನ ಬಿಟ್ಟು ನಾ ಬರೂದಿಲ್ಲ."

"ಬಿಟ್ಟು ಬಾ ಅಂದೆನೇನು? ನಿನ್ನ ಮಾವನ್ನ ಕೇಳ್ತೇನಿ."

ಕೇಳಿದ. ಕಲಬುರಗಿಯ ಮನೆಯ ಅಂಗಳದಲ್ಲೇ ಮಾತಾಯಿತು. ಮಾಣಿಕಪ್ಪ ಕಲ್ಲಿನ ಮನುಷ್ಯನಲ್ಲ. ಕೂಸು ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ ಇರಲಿ ಎಂಬ ಭೀಮಶಾನ ಮಾತಿಗೆ ಇನ್ನೇನು ಹೂಂ ಅನ್ನುವುದರಲ್ಲಿದ್ದ. ಆಗ ಗುಂಡಣ್ಣ ಪರಾತ ಬಿಟ್ಟು ಓಡಿ ಬಂದು, ಒದ್ದೆ ಕೈಯಿಂದ ಭೀಮಶಾನ ಮೊಣಕಾಲು ತಬ್ಬಿ, "ಅಪ್ಪಾ, ನೀರು ಹಾಕು," ಎಂದ. ಅವನಿಗೆ ಹಾಗನ್ನಲು ಯಾರೂ ಕಲಿಸಿರಲಿಲ್ಲ.

ಮಾಣಿಕಪ್ಪನ ಮುಖ ಬಿಗಿಯಿತು.

"ಅವರಪ್ಪ ಸತ್ತಾನ. ನನ್ನ ಮಗನ ಹೆಸರು ಹೇಳಾಕ ಇವನೊಬ್ಬನ ಉಳದಾನ. ಆಕಿ ಹೋಗಲಿ, ನಾ ತಡಿಯೂದಿಲ್ಲ. ಕೂಸು ಇಲ್ಲೇ ಇರ್ತದ. ಆಮ್ಯಾಲ ನೋಡಾಕಂತ ಬರಬ್ಯಾಡ್ರಿ. ಅವ ಮರೀಬೇಕು."

ಚಂದಮ್ಮ ಒಲ್ಲೆನೆಂದಳು. ಮಳೆಗಾಲವಿಡೀ ಭೀಮಶಾ ಹಣ್ಣನ್ನು ಅಂಗಡಿಗೇ ಇಳಿಸಿ ಹೋದ. ಅವನ ಎತ್ತಿನ ಗೆಜ್ಜೆಯ ಸದ್ದು ಬೀದಿಯ ತಿರುವಿನವರೆಗೆ ಬರುತ್ತಿತ್ತು. ಅದು ಕೇಳಿದಾಗ ಅವಳ ಬೀಸುವ ಕೈ ನಿಲ್ಲುತ್ತಿತ್ತು. ಹಣಮಮ್ಮ ನೋಡುತ್ತಿದ್ದಳು.

"ಯಾರು ಬೇಕ ನಿನಗ?" ಒಂದು ದಿನ ಕೇಳಿಯೇಬಿಟ್ಟಳು.

"ಇಬ್ಬರೂ ಬೇಕ್ರಿ, ಅತ್ತಿ."

"ಇಬ್ಬರೂ ಸಿಗೂದಿಲ್ಲ. ಇವನ್ನ ನಾ ಸಾಕ್ತೀನಿ. ನಿನ್ನ ಯಾರು ಸಾಕ್ತಾರ? ಇವಗ ಹೆಂಡತಿ ಬಂದ ಮ್ಯಾಲ ನೀ ಒಂದು ಮೂಲ್ಯಾಗ ಕುಂಡ್ರಾಕಿ. ಇನ್ನೂ ಸಣ್ಣಾಕಿ ಇದ್ದಿ. ಹೋಗು."

ದೀಪಾವಳಿ ಆದ ಮೇಲೆ ಚಂದಮ್ಮ ಹೂಂ ಅಂದಳು.

ಬಂಡಿ ಬಂದ ದಿನ ಬೆಳಿಗ್ಗೆ ಅವಳು ಪರಾತಕ್ಕೆ ಬೆಚ್ಚನೆಯ ನೀರು ಹಾಕಿದಳು. ಒಂದು ಬೊಗಸೆ ಹುಣಸೆಬೀಜ ಸುರಿದಳು. ಬೀಜಗಳು ತಳಕ್ಕೆ ಇಳಿದವು.

"ಒಂದೊಂದ ತಗದು ಅಮ್ಮನ ಕೈಯಾಗ ಕೊಡು," ಎಂದು ಹಣಮಮ್ಮನನ್ನು ತೋರಿಸಿದಳು.

ಗುಂಡಣ್ಣ ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ ಹುಡುಕತೊಡಗಿದ.

"ಅವ ತಲಿ ಎತ್ತೂದ್ರೊಳಗ ಹೋಗು," ಎಂದಳು ಹಣಮಮ್ಮ. ಅವಳೂ ತಲೆ ಎತ್ತಲಿಲ್ಲ.

ಉಡಿಕಿಯವರು ಮುಂಬಾಗಿಲಿನಿಂದ ಹೋಗುವಂತಿರಲಿಲ್ಲ. ಚಂದಮ್ಮ ಹಿತ್ತಲ ಬಾಗಿಲಿನಿಂದ ಹೊರಟು ಬಂಡಿ ಹತ್ತಿದಳು.

"ಅತ್ತನೇನು?" ಭೀಮಶಾ ಕೇಳಿದ.

"ಇಲ್ಲ. ಆಡಾಕತ್ತಾನ."

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಬಂಡಿ ಗೋಡೆಯ ಪಕ್ಕ ಹಾದು ಹೋಗುವಾಗ ನೀರಿಗೆ ಕೈ ಬಡಿಯುವ ಸದ್ದು ಕೇಳಿಸಿತು. ಆಮೇಲೆ ನಿಂತಿತು.

ಚಂದಮ್ಮ ಮಗನನ್ನು ಕಳೆದುಕೊಂಡಳು. ಗುಂಡಣ್ಣ ತಾಯಿಯನ್ನು ಕಳೆದುಕೊಂಡ. ಹಣಮಮ್ಮ ಸೊಸೆಯನ್ನು ಕಳೆದುಕೊಂಡಳು. ಮಗನನ್ನು ಮೊದಲೇ ಕಳೆದುಕೊಂಡಿದ್ದಳು.