ರಥಶಾಲೆಯ ಹಿಮಸರ್ಪ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಸಮುದ್ರದಿಂದ ಬಹುದೂರದಲ್ಲಿ, ಪೊನ್ನಾಳ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರ ಜಯಕೀರ್ತಿಗೆ ಇಂದುಲೇಖೆ ಎಂಬ ತಂಗಿ. ಉರಿಗಣ್ಣನೆಂಬ ಮಾಂತ್ರಿಕ ಅವಳನ್ನು ಮದುವೆಯಾಗುತ್ತೇನೆಂದು ಬಂದ. ಮುಖಕ್ಕೆ ಹೊಡೆದಂತೆ ಅವಳು ಒಲ್ಲೆ ಎಂದಳು. ಸಿಟ್ಟಿಗೆದ್ದ ಮಾಂತ್ರಿಕ ಅವಳನ್ನು ಅಂಗೈಯಗಲದ ಹಳದಿ ಮೀನಾಗಿಸಿಬಿಟ್ಟ. ಅದೂ ಕೆರೆಯ ಮೀನಲ್ಲ, ಸಮುದ್ರದ ಮೀನು. ಆ ಊರಿನಲ್ಲಿ ಉಪ್ಪುನೀರು ಎಂದರೆ ಸಾರು ಕೆಟ್ಟಾಗ ಅಡಿಗೆಯವನನ್ನು ಬೈಯುವ ಮಾತಾಗಿತ್ತೇ ಹೊರತು ಬೇರೇನೂ ಆಗಿರಲಿಲ್ಲ.

ಶಾಪಕ್ಕೊಂದು ಮಿತಿಯಿತ್ತು. ಮುಂಗಾರಿನ ಮೊದಲ ಹನಿ ಬೀಳುವವರೆಗೆ ಮೀನು ಬದುಕಿದ್ದರೆ ಇಂದುಲೇಖೆ ಮತ್ತೆ ಮನುಷ್ಯಳಾಗುವಳು; ಶಾಪವು ಅದನ್ನು ಹಾಕಿದವನನ್ನೇ ಹೋಗಿ ಸುತ್ತಿಕೊಳ್ಳುವುದು. ಸತ್ತರೆ ಸತ್ತಂತೆಯೇ.

ಜಯಕೀರ್ತಿ ಮೀನನ್ನು ಉಪ್ಪು ಕದಡಿದ ಕೊಡದಲ್ಲಿಟ್ಟುಕೊಂಡು ಕುದುರೆಯೇರಿ ಸಮುದ್ರಕ್ಕೆ ಓಡಿದ. ದಡದಲ್ಲಿದ್ದ ಉಪ್ಪಜ್ಜಿ ಎಂಬ ಮುದುಕಿ ಅವನ ಕತೆ ಕೇಳಿ, ಕಡಲಿಗೆ ಬಿಟ್ಟರೆ ದೊಡ್ಡ ಮೀನು ನುಂಗೀತೆಂದು ಹೇಳಿ, ಎಷ್ಟು ಸುರಿದರೂ ಬರಿದಾಗದ ಒಂದು ಗಿಂಡಿ ಸಮುದ್ರದ ನೀರನ್ನು ಕೊಟ್ಟಳು. ಜೊತೆಗೆ ಒಂದು ಹಿಮಸರ್ಪ, ಒಂದು ಕೆಂಡದಾಮೆ. ಹಿಮಸರ್ಪ ನೀರಿನ ಬಿಸಿಯನ್ನು ನುಂಗಿ ಉಸಿರಿನಲ್ಲಿ ಹೊರಗೆ ಬಿಡುತ್ತಿತ್ತು. ಕೆಂಡದಾಮೆ ಮುಳುಗಿದ ನೀರು ಬೆಚ್ಚಗಾಗುತ್ತಿತ್ತು.

“ಎಳೆಮಗೂಗೆ ಮೀಯಿಸೋ ನೀರಿರುತ್ತಲ್ಲ, ಅದಕ್ಕಿಂತ ಒಂದೆಳೆ ತಣ್ಣಗಿರಲಿ,” ಎಂದಳು ಅಜ್ಜಿ. “ಮಣಿಕಟ್ಟು ಅದ್ದಿ ನೋಡು. ಬೆರಳನ್ನ ನಂಬಬೇಡ, ಕತ್ತಿ ಹಿಡಿದು ಒರಟಾಗಿದೆ.”

ಅವನು ಮರಳಿ ಗಿಂಡಿ ಬಗ್ಗಿಸಿದೊಡನೆ ಅರಮನೆಯಂಗಳದ ಕೊಳಕ್ಕೆ ಸಮುದ್ರ ತುಂಬಿತು; ಮೀನನ್ನು ಅದರಲ್ಲಿ ಬಿಟ್ಟರು. ಆದರೆ ಹಿಮಸರ್ಪದ ಗೊರಕೆಗೆ ಮಹಾರಾಣಿ ಕಣ್ಣು ಮುಚ್ಚಲಾಗಲಿಲ್ಲ. ಸರ್ಪ, ಆಮೆ ಎರಡನ್ನೂ ರಥಶಾಲೆಗೆ ಸಾಗಿಸಿರೆಂದು ಅಪ್ಪಣೆಯಾಯಿತು. ರಥಗಳನ್ನು ಒತ್ತರಿಸಿ ಅಲ್ಲೊಂದು ಕಲ್ಲುತೊಟ್ಟಿ ಇಟ್ಟರು. ಕೊಳದ ನೀರು ಮಣ್ಣಿನ ಕೊಳವೆಯಲ್ಲಿ ತೊಟ್ಟಿಗೆ ಬಂದು, ಹದವಾಗಿ, ಇನ್ನೊಂದು ಕೊಳವೆಯಲ್ಲಿ ಕೊಳಕ್ಕೆ ಮರಳುತ್ತಿತ್ತು.

ಉರಿಗಣ್ಣ ಮೊದಲು ಬಿಸಿಗಾಳಿಯನ್ನು ಕಳಿಸಿದ. ಮರದ ಮೇಲಿನ ಹಣ್ಣುಗಳು ಮರದಲ್ಲೇ ಬೆಂದವು. ಹಿಮಸರ್ಪ ತೊಟ್ಟಿಯಲ್ಲಿ ಬಾಯಿಟ್ಟು ಬಿಸಿಯನ್ನೆಲ್ಲ ನುಂಗಿತು. ಮೀನು ಉಳಿಯಿತು.

ಎರಡನೆಯ ಸಲ ಚಳಿಯನ್ನು ಕಳಿಸಿದ. ಹಸುವಿನ ಕೆಚ್ಚಲಲ್ಲೇ ಹಾಲು ಹೆಪ್ಪುಗಟ್ಟಿತು. ಕೆಂಡದಾಮೆ ತೊಟ್ಟಿಗಿಳಿದು ಮಲಗಿತು. ಮೀನು ಉಳಿಯಿತು.

ಮೂರನೆಯ ಸಲ ಮಾಂತ್ರಿಕ ಏನನ್ನೂ ಕಳಿಸಲಿಲ್ಲ. ಸುಡುಬೇಸಗೆಯಲ್ಲಿ ತಾನೇ ಬಂದು ರಥಶಾಲೆಯ ಎದುರು ಎಲೆಯಡಿಕೆ ಮೆಲ್ಲುತ್ತ ಕೂತ. ಪೊನ್ನಾಳದ ಪದ್ಧತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಶತ್ರು ಸಮೀಪಿಸಿದರೆ ರಥಶಾಲೆಯ ಬಾಗಿಲು ಜಡಿದು, ಸಂದುಗೊಂದುಗಳಿಗೆಲ್ಲ ಜೇಡಿಮಣ್ಣು ಮೆತ್ತಬೇಕು. ಶತ್ರುವಿನ ಎದುರು ಅದನ್ನು ತೆರೆದರೆ ರಾಜ್ಯವನ್ನೇ ಒಪ್ಪಿಸಿದ ಲೆಕ್ಕ. ಜಯಕೀರ್ತಿ ಹಿಂದೆಮುಂದೆ ನೋಡದೆ ಬಾಗಿಲು ಜಡಿಸಿದ, ಮಣ್ಣು ಮೆತ್ತಿಸಿದ, ಸೇನಾಪತಿ ಬೊಪ್ಪರಸನೊಡನೆ ಒಳಗೇ ಕಾವಲಿಗೆ ನಿಂತ.

ಸ್ವಲ್ಪ ಹೊತ್ತಿಗೆ ಇಬ್ಬರೂ ಬೆವರಿನಲ್ಲಿ ತೊಯ್ದುಹೋದರು. ರಾಜಕುಮಾರ ತೊಟ್ಟಿಗೆ ಮಣಿಕಟ್ಟು ಅದ್ದಿದ. ನೀರು ಬಿಸಿಯೇರಿತ್ತು. ಹಿಮಸರ್ಪ ಇನ್ನೂ ಜೋರಾಗಿ ನುಂಗಿತು, ಇನ್ನೂ ಜೋರಾಗಿ ಉಸಿರು ಬಿಟ್ಟಿತು. ನೀರು ಇನ್ನಷ್ಟು ಬಿಸಿಯಾಯಿತು. ಮಾಂತ್ರಿಕನ ಮಂತ್ರವೇ ಇದೆಂದು ಬಗೆದ ಬೊಪ್ಪರಸ, ಬಿಟ್ಟುಹೋಗಿದ್ದ ಸಂದುಗಳಿಗೂ ಮಣ್ಣು ಮೆತ್ತತೊಡಗಿದ. ಜಯಕೀರ್ತಿ ಸರ್ಪದ ಮೂಗಿನೆದುರು ಕೈಯಿಟ್ಟು ನೋಡಿದ, ಕೈ ಸುಟ್ಟಿತು. ತಂಗಿಯ ನೀರಿನಿಂದ ತೆಗೆದ ಬಿಸಿ ಎಲ್ಲಿಗೂ ಹೋಗದೆ ಈ ನಾಲ್ಕು ಗೋಡೆಗಳ ನಡುವೆ ಸುತ್ತಿ ಮತ್ತೆ ಅವಳ ನೀರಿಗೇ ಇಳಿಯುತ್ತಿತ್ತು. ಮಂತ್ರವೂ ಇಲ್ಲ, ತಂತ್ರವೂ ಇಲ್ಲ. ಅವಳನ್ನು ಬೇಯಿಸುತ್ತಿದ್ದವನು ತಾನೇ.

“ಬಾಗಿಲು ತೆಗಿ,” ಎಂದ.

“ಹೊರಗೆ ಅವನು ಕೂತಿದ್ದಾನೆ, ಪ್ರಭು. ತೆಗೆದರೆ ರಾಜ್ಯ ಹೋಯಿತು.”

“ರಾಜ್ಯ ಹೋದರೆ ಇನ್ನೊಂದು ಕಟ್ಟಬಹುದು. ತಂಗಿ ಇರೋದು ಒಬ್ಬಳೇ.”

ಬೊಪ್ಪರಸ ಕದಲಲಿಲ್ಲ. ರಾಜಕುಮಾರ ತಾನೇ ಅಗಳಿ ಎಳೆದ.

ಒಳಗೆ ಕೂಡಿಕೊಂಡಿದ್ದ ಹಬೆಯೆಲ್ಲ ಬುಸ್ಸೆಂದು ಹೊರನುಗ್ಗಿ ಮುಗಿಲಿಗೇರಿತು. ಉರಿಗಣ್ಣ ಎಲೆಯಡಿಕೆ ಉಗಿದು, ರಾಜ್ಯ ತನ್ನದಾಯಿತೆಂದು ನಗುತ್ತ ಒಳಗೆ ಕಾಲಿಟ್ಟ. ತೊಟ್ಟಿಯನ್ನು ಒಡೆಯಲು ಮಂತ್ರದಂಡ ಎತ್ತಿದ. ಅಷ್ಟರಲ್ಲಿ ಮುಗಿಲಿಗೇರಿದ ಹಬೆ ಕಪ್ಪಗೆ ಮೋಡ ಕಟ್ಟಿತ್ತು. ಗುಡುಗಿತು. ಮುಂಗಾರಿನ ಮೊದಲ ಹನಿ ಅಂಗಳದ ಕೊಳಕ್ಕೆ ಬಿತ್ತು. ಶಾಪ ತಿರುಗಿ ಬಂದು ಮಾಂತ್ರಿಕನನ್ನು ಹಿಡಿಯಿತು. ದಂಡ ಕೆಳಗೆ ಬಿತ್ತು, ಅದರ ಪಕ್ಕದಲ್ಲಿ ಒಂದು ಕೊಚ್ಚೆಮೀನು ವಿಲವಿಲ ಒದ್ದಾಡಿತು. ಬೊಪ್ಪರಸ ಅದನ್ನು ಬಾಲ ಹಿಡಿದೆತ್ತಿ ಊರಕೆರೆಗೆ ಎಸೆದುಬಂದ.

ಜಯಕೀರ್ತಿ ಅಂಗಳಕ್ಕೆ ಓಡಿದ. ಕೊಳದ ಮೆಟ್ಟಿಲಿನ ಮೇಲೆ ಇಂದುಲೇಖೆ ಮಳೆಯಲ್ಲಿ ನೆನೆಯುತ್ತ ಕೂತಿದ್ದಳು. ಮೈಯೆಲ್ಲ ಕೆಂಪೇರಿತ್ತು. ಅವನು ತನ್ನ ಶಲ್ಯ ಹೊದಿಸಿದ.

“ನೀನು ಬಾಗಿಲು ಮುಚ್ಚಿದಾಗಿಂದ ಕೂಗ್ತಾನೇ ಇದ್ದೆ, ಅಣ್ಣಾ,” ಎಂದಳು. “ಮೀನಿಗೆ ದನಿ ಇಲ್ಲ ಅಂತ ಗೊತ್ತಿತ್ತು. ಆದ್ರೂ ಕೂಗಿದೆ.”

ಅವನು ಅವಳ ಪಾದದ ಬಳಿ ಕೂತು ಗಳಗಳನೆ ಅತ್ತ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಅವಳು ತನಗೆ ಒಪ್ಪಿದವನನ್ನು ವರಿಸಿದಳು, ಅಣ್ಣ ಪಟ್ಟವೇರಿದ, ಪೊನ್ನಾಳದ ಮಂದಿ ಉಂಡುಟ್ಟು ನೆಮ್ಮದಿಯಾಗಿದ್ದರು. ಮನೆಯಲ್ಲಿ ಯಾರಾದರೂ ಮಾತಿಲ್ಲದೆ ಕೂತರೆ ಮಾತ್ರ ಜಯಕೀರ್ತಿ ಎದ್ದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದ.