ಅಜ್ಜಿಯ ಚಮಚದ ಮೀನೆಣ್ಣೆ

"ನುಂಗಿದ್ಯಾ ಅಜ್ಜಿ?"

ಗುಡ್ರುನ್ ಅಜ್ಜಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡೇ ತಲೆಯಾಡಿಸಿದಳು. ಅವಳ ಕೈಯಲ್ಲಿ ಖಾಲಿ ಚಮಚ.

ಮೊಮ್ಮಗಳು ಟೀರಿಲ್ ಬೂಟು ಹಾಕಿಕೊಳ್ಳಲು ಬಾಗಿಲ ಕಡೆ ತಿರುಗಿದಳು. ಸ್ಕೂಲಿಗೆ ಹೊರಡುವ ಹೊತ್ತಾದರೂ ಹೊರಗಿನ್ನೂ ಕತ್ತಲು. ಬಾಗಿಲ ಪಕ್ಕದ ಕಿಟಕಿಯ ಗಾಜು ಕನ್ನಡಿಯ ಹಾಗೆ ಅಡುಗೆಮನೆಯನ್ನೆಲ್ಲ ತೋರಿಸುತ್ತಿತ್ತು. ಆ ಗಾಜಿನಲ್ಲಿ ಅಜ್ಜಿ ಮೆಲ್ಲಗೆ ಬಗ್ಗಿ, ಬಾಯಲ್ಲಿದ್ದ ಮೀನೆಣ್ಣೆಯನ್ನು ಬೆಕ್ಕಿನ ತಟ್ಟೆಗೆ ಉಗುಳುವುದು ಕಾಣಿಸಿತು. ಪೂಸ್ ಬೆಕ್ಕು ಚಪ್ಪರಿಸಿಕೊಂಡು ನೆಕ್ಕಿತು.

ಅದಕ್ಕೇ ಇತ್ತೀಚೆಗೆ ಪೂಸ್‌ನ ಮೈ ಅಷ್ಟೊಂದು ಮಿರಿಮಿರಿ ಮಿಂಚುತ್ತಿರುವುದು!

ಟೀರಿಲ್ ಬ್ಯಾಗು ಹೆಗಲಿಗೇರಿಸಿ ಹೊರಟಳು. ಆದರೆ ಸ್ಕೂಲಿನಲ್ಲಿ ಮನಸ್ಸು ನಿಲ್ಲಲಿಲ್ಲ. ನಾರ್ವೆಯ ಉತ್ತರ ತುದಿಯ ಆ ದ್ವೀಪದಲ್ಲಿ ಚಳಿಗಾಲ ಬಂತೆಂದರೆ ಸೂರ್ಯ ಮೇಲೇಳುವುದೇ ಇಲ್ಲ. ನಡುಹಗಲು ಸ್ವಲ್ಪ ಹೊತ್ತು ಆಕಾಶ, ಹಿಮ, ಸಮುದ್ರ ಎಲ್ಲವೂ ನೀಲಿಯಾಗುತ್ತವೆ. ಊರು ಯಾರದೋ ಕನಸಿನೊಳಗೆ ಇದೆಯೇನೋ ಅನ್ನಿಸುತ್ತದೆ. ಕಿಟಕಿಯಾಚೆಯ ಆ ನೀಲಿಯನ್ನು ನೋಡುತ್ತ ಟೀರಿಲ್ ಡಾಕ್ಟರ ಮಾತು ನೆನೆಸಿಕೊಂಡಳು. ಅಜ್ಜಿ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಾಗ ಅವರು ಹೇಳಿದ್ದರು, "ಮೂಳೆ ಸವೆದಿದೆ. ಇನ್ನೊಮ್ಮೆ ಬಿದ್ರೆ ಸೊಂಟಾನೇ ಮುರೀಬಹುದು. ಬಿಸಿಲಿಲ್ಲದ ಕಾಲದಲ್ಲಿ ವಿಟಮಿನ್ ಡಿ ಊಟದಿಂದಲೇ ಸಿಗಬೇಕು. ದಿನಾ ಒಂದು ಚಮಚ ಮೀನೆಣ್ಣೆ ಕುಡೀರಿ."

ಕೈ ವಾಸಿಯಾಗಿತ್ತು. ಅಜ್ಜಿ ಮಾತ್ರ ಆಮೇಲೆ ಬೀಳುವ ಭಯಕ್ಕೆ ಮನೆಯ ಮೆಟ್ಟಿಲಿಳಿದಿರಲಿಲ್ಲ. ಅಮ್ಮ ಮೀನಿನ ಫ್ಯಾಕ್ಟರಿಗೆ ಬೇಗ ಹೋಗುವುದರಿಂದ ಎಣ್ಣೆ ಕುಡಿಸುವುದು ಟೀರಿಲ್‌ಳ ಕೆಲಸವಾಗಿತ್ತು.

ಮಧ್ಯಾಹ್ನ ಮನೆಗೆ ಬಂದವಳೇ ಕೇಳಿಬಿಟ್ಟಳು. "ಅಜ್ಜಿ, ಎಣ್ಣೆ ಬೆಕ್ಕಿಗೆ ಯಾಕೆ ಕೊಡ್ತೀಯಾ?"

ಹೆಣೆಯುತ್ತಿದ್ದ ಅಜ್ಜಿಯ ಕೈ ನಿಂತಿತು. "ನೋಡಿದ್ಯಾ?"

"ಗಾಜಲ್ಲಿ ಕಾಣ್ತು."

"ಹಾಳು ಗಾಜು," ಎಂದಳು ಅಜ್ಜಿ. ಹೆಣಿಗೆಯನ್ನು ಮಡಿಲಲ್ಲಿಟ್ಟಳು. "ನಮ್ಮಪ್ಪ ಎಣ್ಣೆ ಕಾಯಿಸೋ ಶೆಡ್ಡಲ್ಲಿ ಕೆಲಸ ಮಾಡ್ತಿದ್ದ ಕಣೇ. ರಾಶಿ ರಾಶಿ ಮೀನಿನ ಲಿವರ್ ಬೇಯಿಸೋದು. ಆ ವಾಸನೆ ಅವನ ಅಂಗಿಯಿಂದ ನಮ್ಮ ಹಾಸಿಗೆಗೂ ಬರ್ತಿತ್ತು, ನನ್ನ ಕೂದಲಿಗೂ ಬರ್ತಿತ್ತು. ಸ್ಕೂಲಲ್ಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ. ಎಣ್ಣೆ ಡಬ್ಬಿ ಬಂತು, ಮೂಗು ಮುಚ್ಕೊಳ್ಳಿ ಅನ್ನೋರು."

"ಅದು ಯಾವತ್ತಿಂದೋ ಮಾತಲ್ವಾ ಅಜ್ಜಿ?"

"ಹೌದು. ಆದ್ರೆ ಚಮಚ ಹತ್ರ ಬಂದ ತಕ್ಷಣ ನನ್ನ ಮೂಗು ಆ ಕ್ಲಾಸಿಗೆ ಹೋಗಿ ಕೂತ್ಕೊಳ್ಳತ್ತೆ." ಅಜ್ಜಿ ನಗಲು ನೋಡಿದಳು, ಆಗಲಿಲ್ಲ. "ಅಮ್ಮಂಗೆ ಹೇಳ್ತೀಯಾ?"

ಅಜ್ಜಿಯ ಮುಖ ಪುಟ್ಟ ಹುಡುಗಿಯ ಮುಖದ ಹಾಗೆ ಕಂಡಿತು. ಹೇಳಲ್ಲ ಅನ್ನೋಣವೇ ಅಂದುಕೊಂಡಳು ಟೀರಿಲ್. ಆದರೆ ಡಾಕ್ಟರು ಹೇಳಿದ ಸೊಂಟದ ಮಾತು ನೆನಪಾಯಿತು.

"ನೀನೇ ಹೇಳಜ್ಜಿ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಸಂಜೆ ಅಜ್ಜಿ ಹೇಳಿದಳು. ಅಮ್ಮ ನಗಲಿಲ್ಲ, ಬೈಯಲೂ ಇಲ್ಲ. ಫ್ಯಾಕ್ಟರಿಯಿಂದ ಬಂದ ತನ್ನ ಅಂಗಿಯ ತೋಳನ್ನೊಮ್ಮೆ ಮೂಸಿ, ಎದ್ದು ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದಳು.

ಮರುದಿನ ಅಮ್ಮ ಆಸ್ಪತ್ರೆಗೆ ಫೋನ್ ಮಾಡಿದಾಗ ನರ್ಸ್ ಕೇಳಿದಳು, "ಅಯ್ಯೋ, ಮೊದಲೇ ಹೇಳಬಾರದಿತ್ತಾ? ವಾಸನೆ ಇಲ್ಲದ ಮಾತ್ರೆ ಇದೆ. ಕೊಬ್ಬಿರೋ ಮೀನು ತಿಂದ್ರೂ ಒಳ್ಳೇದು. ಹೆರಿಂಗ್ ಮೀನು ಇಷ್ಟಾನಾ ಅವರಿಗೆ?"

"ಈರುಳ್ಳಿ ಹಾಕಿ ಹುರಿದ್ರೆ ಬಾಲಾನೂ ಬಿಡಲ್ಲ," ಎಂದಳು ಅಜ್ಜಿ, ಪಕ್ಕದಿಂದಲೇ.

ಅಂದಿನಿಂದ ಬೆಳಿಗ್ಗೆ ಒಂದು ಮಾತ್ರೆ, ಬ್ರೆಡ್ಡಿನ ಜೊತೆ ಹೆರಿಂಗ್. ಪೂಸ್ ಎರಡು ದಿನ ಮುನಿಸಿಕೊಂಡು ಒಲೆಯ ಹಿಂದೆ ಮಲಗಿತ್ತು.

ಮಾತ್ರೆ ನುಂಗಿದ ಮಾತ್ರಕ್ಕೆ ಮೂಳೆ ರಾತ್ರೋರಾತ್ರಿ ಗಟ್ಟಿಯಾಗುವುದಿಲ್ಲ, ಅದು ಟೀರಿಲ್‌ಗೂ ಗೊತ್ತಿತ್ತು. ಆದರೂ ಒಂದು ಭಾನುವಾರ ನಡುಹಗಲು ಅಜ್ಜಿ ತಾನಾಗಿಯೇ ಮಂಜುಗಡ್ಡೆಯ ಮೇಲೆ ಜಾರದಂತೆ ಮುಳ್ಳುಪಟ್ಟಿ ಕಟ್ಟಿದ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ದೋಣಿಕಟ್ಟೆ ತನಕ ಹೋಗೋಣ್ವಾ?"

ಇಬ್ಬರೂ ಆ ನೀಲಿಯೊಳಗೆ ಇಳಿದರು. ಗಾಳಿ ಇರಲಿಲ್ಲ. ಸಮುದ್ರದಿಂದ ತೆಳ್ಳನೆಯ ಹಬೆ ಏಳುತ್ತಿತ್ತು. ದೂರದ ಬೆಟ್ಟದ ನೆತ್ತಿಗೆ ಯಾರೋ ಬೆರಳಿನಿಂದ ಒರೆಸಿದಷ್ಟು ಗುಲಾಬಿ ಬಣ್ಣ ಹತ್ತಿತ್ತು. ಹಿಮದ ಮೇಲೆ ಅಜ್ಜಿಯ ಬೂಟು ಕರಕರ ಎನ್ನುತ್ತಿತ್ತು.

"ಅಜ್ಜಿ, ನಿನ್ನ ಎಣ್ಣೆ ಡಬ್ಬಿ ಅಂತಿದ್ದೋರ ಹೆಸರು ನೆನಪಿದ್ಯಾ?"

ಅಜ್ಜಿ ನಿಂತು ಉಸಿರು ತೆಗೆದುಕೊಂಡಳು. ಆಮೇಲೆ ಹಾಜರಿ ಕೂಗುವ ಹಾಗೆ ಒಂದೊಂದೇ ಹೆಸರು ಹೇಳತೊಡಗಿದಳು. ಓಡ್‌ವರ್. ಬೋರ್ಗಿಲ್. ಸೊಲ್ವೆಗ್. ಕಿಟಕಿಯ ಪಕ್ಕ ಕೂರುತ್ತಿದ್ದ ಆಸ್ತಾ. ಎಲ್ಲೂ ತಡವರಿಸಲಿಲ್ಲ, ಒಂದೂ ಬಿಟ್ಟುಹೋಗಲಿಲ್ಲ.

ಟೀರಿಲ್ ಅಜ್ಜಿಯ ಕೈ ಹಿಡಿದುಕೊಂಡಳು. ತನ್ನ ನಡಿಗೆ ನಿಧಾನ ಮಾಡಿ, ಅಜ್ಜಿಯ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ನಡೆದಳು.